ಬಂಡೆ ಏರುವ ಮಗಳು ಕಡಲಿಗಿಳಿದರೆ



ಈ ಸಲದ ಟಪಾಲಿನಲ್ಲಿ ಶಿರಸಿ ಕಡೆಯ ತಾಯಿಯೊಬ್ಬರ ಪತ್ರವಿದೆ. ಅವರ ಮಗಳು ಹುಬ್ಬಳ್ಳಿಯಲ್ಲಿ ಕಾಲೇಜು ಓದುವವಳು. ಎರಡು ವರ್ಷದಿಂದ ರಜೆ ಬಂತೆಂದರೆ ಬಾದಾಮಿಗೆ ಹೋಗಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವುದನ್ನು ಕಲಿಯುತ್ತಿದ್ದಾಳಂತೆ. ಅದಕ್ಕೆ ಮನೆಯವರೆಲ್ಲ ಹೇಗೋ ಒಗ್ಗಿಕೊಂಡರು ಎನ್ನುವಷ್ಟರಲ್ಲಿ ಹುಡುಗಿ ಹೊಸ ರಾಗ ತೆಗೆದಿದ್ದಾಳೆ. ಕಡಲಿನಲ್ಲಿ ಹಲಗೆಯ ಮೇಲೆ ನಿಂತು ಅಲೆ ಏರುವ ಸರ್ಫಿಂಗ್ ಕಲಿಯಬೇಕಂತೆ. ಬಂಡೆ ಹತ್ತುವವರಿಗೆ ಅದು ಒಳ್ಳೇ ಜೋಡಿ ಆಟವಂತೆ! ಅಪ್ಪ ಮಾತು ಬಿಟ್ಟಿದ್ದಾರೆ, ಅಜ್ಜಿ ದೇವರಿಗೆ ಹರಕೆ ಹೊತ್ತಿದ್ದಾರೆ. ನಡುವೆ ಸಿಕ್ಕಿಕೊಂಡ ತಾಯಿ ಕೇಳುತ್ತಾರೆ: ಒಂದು ಅಪಾಯ ಸಾಲದು ಅಂತ ಇನ್ನೊಂದೇ? ಹೂಂ ಅನ್ನಲೋ, ಉಹೂಂ ಅನ್ನಲೋ?

ಈ ಪ್ರಶ್ನೆ ಇವರೊಬ್ಬರದೇ ಅಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ನಾವೆಲ್ಲ ಘಟ್ಟದ ಮೇಲಿನವರು. ದೇವಿಮನೆ ಘಟ್ಟ ಇಳಿದರೆ ಕುಮಟೆ, ದೊಡ್ಮನೆ ಘಟ್ಟ ಇಳಿದರೂ ಕುಮಟೆ, ಅರಬೈಲ ಘಟ್ಟ ಇಳಿದರೆ ಅಂಕೋಲೆ. ಕಡಲು ಇಷ್ಟು ಹತ್ತಿರವಿದ್ದೂ ಅದಕ್ಕೂ ನಮಗೂ ಇರುವ ನಂಟು ಎಷ್ಟು? ಗೋಕರ್ಣಕ್ಕೆ ಹೋದಾಗ ಸೆರಗು ಸುತ್ತಿಕೊಂಡು ಮೂರು ಮುಳುಗು ಹಾಕಿದರೆ ಮುಗಿಯಿತು. ಬಂಡೆಯ ಕತೆಯೂ ಅಷ್ಟೇ. ಯಾಣದಲ್ಲಿ 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರ್‌ನ ಮೋಹಿನಿ ಶಿಖರ ನಿಂತಿವೆ. ಅವು ದೇವರ ಬಂಡೆಗಳು. ಕೈ ಮುಗಿದು ಬರುತ್ತೇವೆ, ಅದೇ ಸರಿ. ಹತ್ತುವ ಆಸೆ ಇದ್ದವರಿಗೆ ಬಾದಾಮಿ, ರಾಮನಗರ, ಹಂಪಿಗಳಿವೆ.

ಆದರೆ ಹತ್ತುವುದು ನಮ್ಮ ಸೀಮೆಗೆ ಹೊಸದೇ? ನಮ್ಮ ತೋಟದ ಕೊನೆಗೌಡನನ್ನು ನೆನೆಯಿರಿ. ಗಾಳಿಗೆ ತೂಗುವ ಅಡಿಕೆ ಮರದ ತುದಿಯಲ್ಲಿ ಕುಳಿತು, ಪಕ್ಕದ ಮರವನ್ನು ಎಳೆದುಕೊಂಡು, ನೆಲಕ್ಕೆ ಇಳಿಯದೆ ಮರದಿಂದ ಮರಕ್ಕೆ ದಾಟಿಬಿಡುತ್ತಾನೆ. ಈಗ ಉದ್ದನೆಯ ಫೈಬರ್ ದೋಟಿ ಬಂದು ಹತ್ತುವವರು ಕಡಿಮೆಯಾಗಿದ್ದಾರೆ. ಆದರೂ ಆ ಕೆಲಸ ನೋಡಿದವರಿಗೆ ಒಂದು ವಿಷಯ ಗೊತ್ತು. ಅಲ್ಲಿ ಕೈಯ ಬಲ ಎಷ್ಟು ಬೇಕೋ, ಮರ ತೂಗಿದ ಹಾಗೆ ಮೈ ತೂಗುವ ಸಮತೋಲವೂ ಅಷ್ಟೇ ಬೇಕು. ಬಂಡೆಗೂ ಅಲೆಗೂ ಇರುವ ನಂಟು ಇಲ್ಲೇ ಇದೆ.

ಪತ್ರದ ಹುಡುಗಿ ಹೇಳಿದ ಮಾತಿನಲ್ಲಿ ಸತ್ಯ ಎಷ್ಟು, ನೋಡೋಣ. ಬಂಡೆ ಹತ್ತುವುದು ಬಹುಮಟ್ಟಿಗೆ ಎಳೆಯುವ ಕೆಲಸ. ಬೆರಳ ತುದಿಯಲ್ಲಿ ಹಿಡಿದು, ಮೈಯನ್ನು ಮೇಲಕ್ಕೆ ಎಳೆದುಕೊಳ್ಳಬೇಕು. ಇದನ್ನೇ ವರ್ಷಗಟ್ಟಲೆ ಮಾಡಿದರೆ ಭುಜ ಮುಂದಕ್ಕೆ ಬಾಗುತ್ತದೆ, ಎದೆ ಬಿಗಿಯುತ್ತದೆ. ಹೆಚ್ಚು ನೋಯುವುದು ಬೆರಳು. ಬೆರಳೊಳಗಿನ ಗಟ್ಟಿ ನಾರುಗಳಿಗೆ ರಕ್ತದ ಓಡಾಟ ಕಡಿಮೆ, ಹಾಗಾಗಿ ಒಮ್ಮೆ ಪೆಟ್ಟಾದರೆ ಗುಣವಾಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಬೆರಳಿಗೆ ವಿಶ್ರಾಂತಿ ಕೊಡಬೇಕು, ಆದರೆ ಮೈ ಜಡವಾಗಬಾರದು. ಆಗ ಏನು ಮಾಡುವುದು?

ಸರ್ಫಿಂಗ್ ಜೋಡಿಯಾಗುವುದು ಇಲ್ಲಿ. ಹಲಗೆಯ ಮೇಲೆ ಬೋರಲು ಮಲಗಿ, ಎದೆ ಎತ್ತಿ, ಎರಡೂ ಕೈಯಿಂದ ನೀರು ಹಿಂದಕ್ಕೆ ತಳ್ಳುತ್ತ ಒಳಗೆ ಹೋಗಬೇಕು. ನಿಂತು ಸವಾರಿ ಮಾಡುವುದು ಕೆಲವೇ ಗಳಿಗೆ. ಹೊತ್ತೆಲ್ಲ ಕಳೆಯುವುದು ಹೀಗೆ ಹುಟ್ಟು ಹಾಕುವುದರಲ್ಲಿ ಮತ್ತು ಕಾಯುವುದರಲ್ಲಿ. ಅಲೆ ಹಿಂದಿನಿಂದ ನೂಕಿದಾಗ ಅಂಗೈ ಊರಿ, ಮೈ ಎತ್ತಿ, ಚಂಗನೆ ಎದ್ದು ನಿಲ್ಲಬೇಕು. ಬಂಡೆಯಲ್ಲಿ ಬಾಗಿದ ಬೆನ್ನು ಇಲ್ಲಿ ಹಿಂದಕ್ಕೆ ಬಳುಕುತ್ತದೆ, ಎಳೆದ ತೋಳು ಇಲ್ಲಿ ತಳ್ಳುತ್ತದೆ. ಬೆರಳಿಗೆ ರಜೆ, ಕಾಲಿಗೆ ಕೆಲಸ. ಆದರೆ ಎರಡರಲ್ಲೂ ಭುಜ ದುಡಿಯುತ್ತದೆ ಎಂಬುದನ್ನು ಮರೆಯಬಾರದು. ಇವತ್ತು ದಿನವಿಡೀ ಬಂಡೆ, ನಾಳೆ ದಿನವಿಡೀ ಕಡಲು ಅಂದರೆ ಭುಜ ಮುನಿಸಿಕೊಳ್ಳುತ್ತದೆ. ಉಪ್ಪು ನೀರಿನಲ್ಲಿ ನೆನೆದು ಮೆತ್ತಗಾದ ಅಂಗೈಯಲ್ಲಿ ಒರಟು ಕಲ್ಲು ಹಿಡಿದರೆ ಚರ್ಮ ಕಿತ್ತು ಬರುತ್ತದೆ. ನಡುವೆ ಒಂದೆರಡು ದಿನ ಬಿಡುವು ಬೇಕು.

ಮೈಗಿಂತ ಮನಸ್ಸಿಗೆ ಆಗುವ ಲಾಭ ದೊಡ್ಡದು. ಬಂಡೆ ಎಲ್ಲಿಗೂ ಓಡಿಹೋಗುವುದಿಲ್ಲ. ನಿಂತು ನೋಡಿ, ಲೆಕ್ಕ ಹಾಕಿ, ಇಂದಾಗದಿದ್ದರೆ ನಾಳೆ ಅನ್ನಬಹುದು. ಅಲೆಗೆ ಆ ತಾಳ್ಮೆ ಇಲ್ಲ. ಬಂದ ಅಲೆ ಮತ್ತೆ ಬರದು. ಕಾಯಬೇಕು, ಬಂದ ಕೂಡಲೇ ಏಳಬೇಕು, ಬಿದ್ದರೆ ನಕ್ಕು ಮತ್ತೆ ಹಲಗೆ ಹತ್ತಬೇಕು. ಒಂದು ಯೋಚನೆ ಕಲಿಸಿದರೆ ಇನ್ನೊಂದು ಯೋಚನೆ ಬಿಡುವುದನ್ನು ಕಲಿಸುತ್ತದೆ. ಸಂಸಾರ ನಡೆಸುವ ನಮಗೆ ಎರಡೂ ಬೇಕಾಗುತ್ತವೆ, ಅಲ್ವೇ?

ಈ ಜೋಡಿ ಇಂದು ನಿನ್ನೆಯದಲ್ಲ. ಅಮೆರಿಕದ ಇವೋನ್ ಶುನಾರ್ಡ್ ಎಂಬಾತ 1957ರಲ್ಲಿ ಗುಜರಿಯಿಂದ ಹಳೆಯ ಕುಲುಮೆ ತಂದು, ತಾನೇ ಕಮ್ಮಾರಿಕೆ ಕಲಿತು, ಬಂಡೆಯ ಬಿರುಕಿಗೆ ಹೊಡೆಯುವ ಕಬ್ಬಿಣದ ಮೊಳೆ ಮಾಡತೊಡಗಿದ. ಆ ಸಾಮಾನನ್ನು ಕಾರಿಗೆ ತುಂಬಿಕೊಂಡು ಕ್ಯಾಲಿಫೋರ್ನಿಯಾದ ಕಡಲಂಚಿನಲ್ಲಿ ಅಲೆದ. ಅಲೆ ಚೆನ್ನಾಗಿದ್ದರೆ ಸವಾರಿ, ಇಲ್ಲದಿದ್ದರೆ ದಂಡೆಯಲ್ಲೇ ಸುತ್ತಿಗೆ ಕೆಲಸ. ಒಂದು ಮೊಳೆಗೆ ಒಂದೂವರೆ ಡಾಲರ್. ಮುಂದೆ ಅವನೇ ಪ್ಯಾಟಗೋನಿಯಾ ಎಂಬ ದೊಡ್ಡ ಉಡುಪಿನ ಕಂಪನಿ ಕಟ್ಟಿದ. ಇನ್ನು ಒಲಿಂಪಿಕ್ಸ್ ನೋಡಿ. ಈ ಎರಡೂ ಆಟಗಳು ಒಟ್ಟಿಗೇ ಒಳಗೆ ಬಂದದ್ದು 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ. ಅಲ್ಲಿ ಹೆಂಗಸರ ಸರ್ಫಿಂಗ್ ಚಿನ್ನ ಹವಾಯಿಯ ಕರಿಸ್ಸಾ ಮೂರ್‌ಗೆ, ಆರೋಹಣದ ಚಿನ್ನ ಸ್ಲೊವೇನಿಯಾದ ಯಾನ್ಯಾ ಗಾರ್ನ್‌ಬ್ರೆಟ್‌ಗೆ ಬಂತು.

ಅಷ್ಟು ದೂರ ಯಾಕೆ, ನಮ್ಮದೇ ಕರಾವಳಿಯಲ್ಲಿ ದಾರಿ ಹಾಕಿಕೊಟ್ಟವರಿದ್ದಾರೆ. ಮೂಲ್ಕಿಯಲ್ಲಿ 2004ರಲ್ಲೇ ಮಂತ್ರ ಸರ್ಫ್ ಕ್ಲಬ್ ಶುರುವಾಯಿತು. ಮಣಿಪಾಲದಲ್ಲಿ ಓದುತ್ತಿದ್ದ ಮುಂಬಯಿಯ ಇಶಿತಾ ಮಾಳವೀಯ 2007ರಲ್ಲಿ ಸರ್ಫಿಂಗ್ ಕಲಿತು, ಮುಂದೆ ಉಡುಪಿ ಬಳಿಯ ಕೋಡಿಬೆಂಗ್ರೆಯಲ್ಲಿ ಇತರರಿಗೆ ಕಲಿಸುವವರಾದರು. ಮಂಗಳೂರು ಕಡೆಯ ತನ್ವಿ ಜಗದೀಶ್ ಮೂಲ್ಕಿಯಲ್ಲಿ ಕಲಿತವರು. ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಸ್ಪರ್ಧೆಯಲ್ಲಿ 2016ರಲ್ಲಿ ಫಿಜಿ ದ್ವೀಪದವರೆಗೂ ಹೋಗಿ ಬಂದರು. ಮೊದಮೊದಲು ಮನೆಯಲ್ಲಿ ಒಪ್ಪಿಗೆ ಇರಲಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ. ಅದೇ ವರ್ಷ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಎಂಬ ಸರ್ಫಿಂಗ್ ಸ್ಪರ್ಧೆ ನಡೆಯಿತು. ಘಟ್ಟದ ಕೆಳಗಿನ ಹೆಣ್ಣುಮಕ್ಕಳಿಗೆ ಆದದ್ದು ಘಟ್ಟದ ಮೇಲಿನವರಿಗೆ ಆಗದೇ?

ಇನ್ನು ಭಯದ ಮಾತು. ತಾಯಿಯ ಭಯವನ್ನು ನಕ್ಕು ತಳ್ಳಿಹಾಕುವಂತಿಲ್ಲ. 2024ರ ಡಿಸೆಂಬರಿನಲ್ಲಿ ನಮ್ಮದೇ ಜಿಲ್ಲೆಯ ಮುರ್ಡೇಶ್ವರದಲ್ಲಿ, ಶಾಲೆಯ ಪ್ರವಾಸಕ್ಕೆಂದು ಕೋಲಾರದ ಕಡೆಯಿಂದ ಬಂದ ನಾಲ್ವರು ಬಾಲೆಯರು ಕಡಲಿನ ಪಾಲಾದರು. ಆ ಸುದ್ದಿ ಓದಿದ ಯಾವ ತಾಯಿಗೆ ತಾನೇ ಕರುಳು ಕಿವುಚಲಿಲ್ಲ? ಆದರೆ ಒಂದು ಮಾತು ಯೋಚಿಸಿ. ನೀರಿನ ಹತ್ತಿರವೇ ಇದ್ದು ನೀರನ್ನು ಅರಿಯದಿರುವುದೇ ದೊಡ್ಡ ಅಪಾಯ. ಹೊಳೆಯಲ್ಲಿ ಬಟ್ಟೆ ಒಗೆಯುತ್ತೇವೆ, ಕೆರೆಯಿಂದ ನೀರು ತರುತ್ತೇವೆ. ಗಂಡುಮಕ್ಕಳು ಬಾಳೆದಿಂಡು ಕಟ್ಟಿಕೊಂಡು ಈಜು ಕಲಿಯುವಾಗ ಹೆಣ್ಣುಮಕ್ಕಳನ್ನು ದಂಡೆಯಲ್ಲೇ ಕೂರಿಸುತ್ತೇವೆ. ಸರ್ಫಿಂಗ್ ಬೇಡ ಅಂದರೂ ಪರವಾಗಿಲ್ಲ, ಈಜು ಬೇಡ ಅನ್ನಬೇಡಿ.

ಕಡಲಿಗೆ ಹೋಗುವ ಪ್ರತಿಯೊಬ್ಬರೂ ತಿಳಿಯಬೇಕಾದ ಸಂಗತಿ ಒಂದಿದೆ. ದಡಕ್ಕೆ ಬಂದ ನೀರು ಎಲ್ಲೋ ಒಂದು ಕಡೆ ಕಾಲುವೆಯಂತೆ ಸೇರಿ ಹಿಂದಕ್ಕೆ ಹರಿಯುತ್ತದೆ. ಅಲ್ಲಿ ಅಲೆ ಒಡೆಯುವುದು ಕಡಿಮೆ, ನೋಡಲು ಶಾಂತ. ಇಲ್ಲೇ ಇಳಿಯೋಣ ಅನ್ನಿಸುತ್ತದೆ, ಇಳಿದವರನ್ನು ಅದು ಒಳಕ್ಕೆ ಸೆಳೆಯುತ್ತದೆ. ಸೆಳೆತಕ್ಕೆ ಎದುರಾಗಿ ದಡದತ್ತ ಈಜಿ ದಣಿಯಬಾರದು. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಆ ಕಾಲುವೆಯಿಂದ ಹೊರಬಿದ್ದು, ಆಮೇಲೆ ದಡದತ್ತ ತಿರುಗಬೇಕು. ಆಗದಿದ್ದರೆ ತೇಲುತ್ತ ಕೈ ಎತ್ತಿ ಕೂಗಬೇಕು. ಒಳ್ಳೆಯ ಸರ್ಫಿಂಗ್ ಗುರು ಮೊದಲು ಕಲಿಸುವ ಪಾಠಗಳಲ್ಲಿ ಇದೊಂದು.

ಆದ್ದರಿಂದ ಶಿರಸಿಯ ಸೋದರಿಗೆ ನನ್ನ ಸಲಹೆ ಇಷ್ಟು. ಬರೀ ಉಹೂಂ ಅಂದರೆ ಮಗಳು ಹೇಳದೆ ಹೋದಾಳು. ಹೂಂ ಅನ್ನಿ, ಜೊತೆಗೆ ಷರತ್ತು ಹಾಕಿ:

1. ಮೊದಲು ಈಜು ಚೆನ್ನಾಗಿ ಬರಲಿ. ಆಮೇಲೆ ಹಲಗೆ.

2. ತರಬೇತಿ ಪಡೆದ ಗುರುವಿಲ್ಲದೆ, ಒಬ್ಬಳೇ, ಸಂಜೆಗತ್ತಲಲ್ಲಿ ನೀರಿಗಿಳಿಯಬಾರದು. ಮೊದಲ ಪಾಠಗಳು ಸೊಂಟದ ಮಟ್ಟದ ನೀರಿನಲ್ಲಿ, ಮೆತ್ತನೆಯ ಹಲಗೆಯಲ್ಲಿ, ಕಾಲಿಗೆ ಹಲಗೆಯ ಹಗ್ಗ ಕಟ್ಟಿಕೊಂಡೇ ನಡೆಯಲಿ.

3. ಮಳೆಗಾಲದಲ್ಲಿ ಬೇಡ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ರಜೆ. ಬಂಡೆಯೂ ಆಗ ಪಾಚಿ ಕಟ್ಟಿ ಜಾರುತ್ತದೆ. ದೀಪಾವಳಿ ಕಳೆದ ಮೇಲೆ ಹೊರಡಲಿ.

4. ಒಮ್ಮೆ ನೀವೂ ಜೊತೆಗೆ ಹೋಗಿ. ಕಲಿಸುವವರು ಯಾರು, ಉಳಿಯುವುದು ಎಲ್ಲಿ, ಕಣ್ಣಾರೆ ನೋಡಿ ಬನ್ನಿ. ಅಜ್ಜಿಯ ಮುಂದೆ ಹೇಳಲು ನಿಮ್ಮ ಬಳಿ ಧೈರ್ಯದ ಮಾತಿರುತ್ತದೆ.

ಉಡುಪಿನ ಬಗ್ಗೆ ಅಳುಕು ಬೇಡ. ತೋಳು ಪೂರ್ತಿ ಮುಚ್ಚುವ, ಮೈಗಂಟುವ ಅಂಗಿ, ಉದ್ದ ಕಾಲಿನ ಚಡ್ಡಿ ಸಿಗುತ್ತವೆ. ಬಿಸಿಲಿಗೂ, ಹಲಗೆ ಉಜ್ಜುವುದಕ್ಕೂ ಅವೇ ಒಳ್ಳೆಯದು. ಬಣ್ಣ ಕಂದಿದರೆ ಗಂಡು ಸಿಗುವುದಿಲ್ಲ ಎಂಬ ಚಿಂತೆಯೇ? ಬಿಸಿಲಿಗೆ ಕಂದಿದ ಬಣ್ಣ ದಿನ ಕಳೆದಂತೆ ತಿಳಿಯಾಗುತ್ತದೆ. ಬಣ್ಣ ನೋಡಿ ಬರುವ ಗಂಡನ್ನು ನಂಬಿ ಮಗಳನ್ನು ನೆರಳಲ್ಲಿ ಬೆಳೆಸುವುದು ಬೇಡ.

ಬುತ್ತಿಗೆ ಬಾಳೆಹಣ್ಣು, ಹುರಿದ ಶೇಂಗಾ, ಬೆಲ್ಲ ಕಟ್ಟಿಕೊಡಿ. ಹೊಟ್ಟೆ ತುಂಬ ಉಂಡ ಕೂಡಲೇ ನೀರಿಗಿಳಿಯುವುದು ಬೇಡ. ನೀರಿನಿಂದ ಬಂದ ಮೇಲೆ ಮುರುಗಲು ಹಣ್ಣಿನ ಪಾನಕ, ಬೆಲ್ಲದ ಜೊತೆ ಚಿಟಿಕೆ ಉಪ್ಪು ಹಾಕಿದ್ದು, ಬೆವರಿ ಬಳಲಿದ ಮೈಗೆ ಹಿತ.

ಕೊನೆಯದಾಗಿ ನಮ್ಮ ಮಾತು. ನೀರು ಸೇದುವುದು, ರುಬ್ಬುವುದು, ಗುಡಿಸುವುದು, ಹೆಚ್ಚುವುದು, ಅಡಿಕೆ ಸುಲಿಯುವುದು, ಎಲ್ಲವೂ ಮುಂದಕ್ಕೆ ಬಾಗಿಯೇ ಮಾಡುವ ಕೆಲಸ. ನಮ್ಮ ಭುಜವೂ ಬಂಡೆ ಹತ್ತುವವರ ಭುಜದಂತೆ ಮುಂದೆ ಬಾಗಿದೆ. ಕಡಲು ಬೇಡ, ಚಾಪೆ ಸಾಕು. ಸಂಜೆ ಹೊತ್ತು ಬೋರಲು ಮಲಗಿ, ಎದೆ ತುಸು ಮೇಲೆತ್ತಿ, ಎರಡೂ ಮೊಣಕೈ ಹಿಂದಕ್ಕೆ ಎಳೆದು ಐದು ಎಣಿಸಿ ಬಿಡಿ. ಎಂಟು ಹತ್ತು ಸಲ ಸಾಕು. ಬಸುರಿಯರು ಇದನ್ನು ಮಾಡಬಾರದು, ಬೆನ್ನುನೋವಿದ್ದವರು ವೈದ್ಯರನ್ನು ಕೇಳಿ ಮಾಡಿ. ಹದಿನೈದು ದಿನ ಮಾಡಿ ನೋಡಿ, ಹೇಗನ್ನಿಸಿತು ಅಂತ ಬರೆಯಿರಿ.