‘ಆ ಮುಳ್ಳು ಹಂಗೇ ಬಿಡು’ ಅಂದ ದಿನ

ನಮ್ಮೂರು ಅರಸೀಕೆರೆ. ರೈಲ್ವೆ ಜಂಕ್ಷನ್ ಇರುವ ಹಾಸನ ಜಿಲ್ಲೆಯದ್ದಲ್ಲ, ಹರಪನಹಳ್ಳಿ ತಾಲ್ಲೂಕಿನದ್ದು. ಅಲ್ಲಿ ಅಪ್ಪನ ಹತ್ತಿರ ಒಂದು ಹಳೇ ಕಾರಿದೆ. ಅದರ ಪೆಟ್ರೋಲ್ ಮುಳ್ಳು ಸುಳ್ಳು ಹೇಳಲು ಶುರು ಮಾಡಿ ವರ್ಷ ದಾಟಿತ್ತು. ಫುಲ್ ಟ್ಯಾಂಕ್ ಹಾಕಿಸಿದರೂ ಅರ್ಧಕ್ಕೇ ನಿಲ್ಲೋದು, ಗುಂಡಿ ಹಾರಿದರೆ ಮೇಲೇಳೋದು. ಅಪ್ಪ ಅದನ್ನು ನೋಡೋದೇ ಬಿಟ್ಟರು. ಬಂಕಿಗೆ ಹೋದಾಗಲೆಲ್ಲ ಕಿಲೋಮೀಟರ್ ಬರೆದಿಡೋಕೆ ಒಂದು ಪಾಕೆಟ್ ಡೈರಿ ಇಟ್ಟುಕೊಂಡರು.

ಕಳೆದ ಏಪ್ರಿಲ್‌ನಲ್ಲಿ ಅಮ್ಮನ ಕಣ್ಣಿನ ಆಪರೇಷನ್ ಆಗಿತ್ತು. ಚೆಕಪ್‌ಗೆಂದು ದಾವಣಗೆರೆಗೆ ಹೊರಟೆವು. ಅರ್ಧ ದಾರಿಯಲ್ಲಿ ಟೆಂಪರೇಚರ್ ಮುಳ್ಳು ‘ಎಚ್’ ಕಡೆ ಏರಿತು.

“ಪೆಟ್ರೋಲ್ ಮುಳ್ಳಿನ ಜೊತಿ ಸೇರಿ ಅದೂ ಕೆಟ್ಟೈತಿ. ಹಂಗೇ ಬಿಡು, ಹೋಗು” ಅಂದರು ಅಪ್ಪ.

ನನಗೂ ಅದೇ ಸರಿ ಅನ್ನಿಸಿತು. ಮೊಬೈಲಲ್ಲಿ ಓದಿಕೊಂಡಿದ್ದೆನಲ್ಲ! ಎರಡು ಮುಳ್ಳು ಒಟ್ಟಿಗೇ ತಪ್ಪು ತೋರಿಸಿದರೆ ಮೀಟರಿನ ಅರ್ತ್ ವೈರೋ ಫ್ಯೂಸೋ ಹೋಗಿರುತ್ತೆ ಅಂತ ಅಪ್ಪನಿಗೇ ಪಾಠ ಹೇಳಿದೆ. ಆಗ ಹಿಂದಿನ ಸೀಟಿನಿಂದ ಅಮ್ಮ ಕೇಳಿದಳು, “ತಮ್ಮಾ, ಬೆಲ್ಲ ಕಾಸಿದಂಗ ವಾಸನಿ ಬರಾಕತ್ತೈತಲ್ಲ?”

ಕೂಲೆಂಟ್ ಸೋರಿ ಬಿಸಿ ಎಂಜಿನ್ ಮೇಲೆ ಬಿದ್ದರೆ ಹಾಗೇ ಸಿಹಿ ವಾಸನೆ ಬರುತ್ತೆ. ಹುಣಸೆ ಮರದ ಕೆಳಗೆ ಗಾಡಿ ನಿಲ್ಲಿಸಿ ಆಫ್ ಮಾಡಿದೆ. ಬಾನೆಟ್ ಸಂದಿಯಿಂದ ಹಬೆ ಏಳುತ್ತಿತ್ತು. ಅಪ್ಪ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲು ಹೋದರು, ತಡೆದೆ. ಒಳಗೆ ಒತ್ತಡ ಇರೋದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೇ ಇರುತ್ತೆ. ಮುಚ್ಚಳ ತೆಗೆದರೆ ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುತ್ತೆ.

ಅಮ್ಮನನ್ನು ಬಸ್ಸಿಗೆ ಹತ್ತಿಸಿ ಅಪ್ಪನನ್ನೂ ಜೊತೆಗೆ ಕಳಿಸಿದೆ. ಆಮೇಲೆ ಬಂದ ಮೆಕ್ಯಾನಿಕ್ ಹೇಳಿದ್ದು ಇಷ್ಟು: “ಟ್ಯಾಂಕಿನ ಹತ್ರ ಅರ್ತ್ ವೈರಿಗೆ ತುಕ್ಕು ಹಿಡದೈತ್ರಿ, ಪೆಟ್ರೋಲ್ ಮುಳ್ಳು ಅದಕ್ಕ ಕುಣಿಯೋದು. ಟೆಂಪರೇಚರ್ ಮುಳ್ಳು ಸುಳ್ಳು ಹೇಳಿಲ್ಲ. ಪೈಪಿನ ಕ್ಲಿಪ್ ಸಡಿಲಾಗಿ ನೀರು ಖಾಲಿ ಆಗೈತಿ. ಇನ್ನೊಂದು ಹತ್ತು ಕಿಲೋಮೀಟರ್ ಓಡಿಸಿದ್ರ ಹೆಡ್ ಕೆಲಸ ಬರ್ತಿತ್ತು.”

ಒಂದು ಮುಳ್ಳು ಕೆಟ್ಟಿದ್ದಕ್ಕೆ ಇನ್ನೊಂದರ ಮಾತೂ ನಾವು ಕೇಳಲಿಲ್ಲ.

ಆವತ್ತಿಂದ ನನ್ನ ಕ್ರಮ ಹೀಗಿದೆ. ಒಂದೇ ಮುಳ್ಳು ತಪ್ಪು ತೋರಿಸಿದರೆ ಅದರ ಸೆನ್ಸರ್, ಅದರ ವೈರ್ ನೋಡಿಸೋದು. ಎಲ್ಲವೂ ಒಟ್ಟಿಗೇ ತಪ್ಪಿದರೆ ಬ್ಯಾಟರಿ ಟರ್ಮಿನಲ್, ಫ್ಯೂಸ್, ಅರ್ತ್. ಆದರೆ ಟೆಂಪರೇಚರ್ ಮುಳ್ಳು ಏರಿದರೆ ಮೊದಲು ಗಾಡಿ ನಿಲ್ಲಿಸೋದು, ತಣ್ಣಗಾದ ಮೇಲೆ ಕೂಲೆಂಟ್ ನೋಡೋದು, ವೈರಿಂಗ್ ಅನುಮಾನ ಕೊನೆಗೆ. ಏರಿದ್ದ ಮುಳ್ಳು ದಿಢೀರನೆ ‘ಸಿ’ಗೆ ಬಿದ್ದರೂ ಖುಷಿ ಪಡಬೇಡಿ. ನೀರು ಪೂರ್ತಿ ಖಾಲಿಯಾಗಿ ಸೆನ್ಸರ್‌ಗೆ ಬಿಸಿ ನೀರು ತಾಗದಿದ್ದರೂ ಹಾಗಾಗುತ್ತೆ.

ಅರ್ತ್ ವೈರ್ ಬದಲಿಸಿದ್ದಾಯಿತು, ಪೆಟ್ರೋಲ್ ಮುಳ್ಳು ಈಗ ನೆಟ್ಟಗಿದೆ. ಅಪ್ಪ ಮಾತ್ರ ಡೈರಿ ಬಿಟ್ಟಿಲ್ಲ. ಅಮ್ಮ ಕಾರು ಹತ್ತಿದ ಕೂಡಲೇ ಮುಂದೆ ಬಗ್ಗಿ ಕೇಳ್ತಾಳೆ: “ಮುಳ್ಳು ಎಲ್ಲೈತಿ ನೋಡಿದ್ಯೇನಪಾ?”

ನಿಮ್ಮ ಗಾಡಿಯಲ್ಲಿ ‘ಅದು ಹಂಗೇ’ ಅಂತ ಬಿಟ್ಟಿರೋ ಮುಳ್ಳು ಯಾವುದು? ಈ ಭಾನುವಾರ ಒಮ್ಮೆ ತೋರಿಸಿಬಿಡಿ.