ಮೂಗು ಮುಚ್ಚುವ ಮುನ್ನ

"ಹಸಿದು ಹಲಸು, ಉಂಡು ಮಾವು" ಎಂಬ ಗಾದೆ ನಮ್ಮೆಲ್ಲರಿಗೂ ಗೊತ್ತು. ಡುರಿಯನ್ ಹಣ್ಣಿನ ಬಗ್ಗೆ ಮಾತ್ರ ನಮ್ಮ ಹಿರಿಯರು ಏನೂ ಹೇಳಿಹೋಗಿಲ್ಲ. ಸಿಂಗಪುರಕ್ಕೆ ಬಂದು ಹತ್ತಿಪ್ಪತ್ತು ವರ್ಷ ಕಳೆದಿರುವ ನಮ್ಮ ಎಷ್ಟೋ ಮನೆಗಳಲ್ಲಿ ಅದಕ್ಕಿರುವುದು ಒಂದೇ ಮಾತು: "ಛೀ, ನಾತ!" ಆ ಮಾತಿನ ಬಗ್ಗೆ ಈ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆಯೋಣವೆನಿಸಿತು. ಬೈಯಬೇಕೆನ್ನುವವರು ದಯವಿಟ್ಟು ಪೂರ್ತಿ ಓದಿ ಬೈಯಬೇಕಾಗಿ ವಿನಂತಿ.

ಅಂಚೆಚೀಟಿ ಸಂಗ್ರಹ ನನ್ನ ಹಳೆಯ ಹುಚ್ಚು. ಅದೇ ಹುಚ್ಚಿನ ಏಳೆಂಟು ಮಂದಿ ಇಲ್ಲಿ ತಿಂಗಳಿಗೊಮ್ಮೆ ಸೇರುತ್ತೇವೆ. ಎಲ್ಲರೂ 'ಚೆಗು', ಅಂದರೆ ಮೇಷ್ಟ್ರು, ಎಂದು ಕರೆಯುವ ನಿವೃತ್ತ ಮಲಯ್ ಶಿಕ್ಷಕರೊಬ್ಬರಿದ್ದಾರೆ. ಟ್ಯಾಕ್ಸಿ ಓಡಿಸುತ್ತಿದ್ದ ಚೀನೀ ಹಿರಿಯರೊಬ್ಬರು ನಮಗೆಲ್ಲ 'ಅಂಕಲ್'. ಕಳೆದ ಜುಲೈ ತಿಂಗಳಲ್ಲಿ ಆಲ್ಬಂಗಳನ್ನು ಮುಚ್ಚಿಡುವ ಹೊತ್ತಿಗೆ ಅಂಕಲ್ ಹೇಳಿದರು, "ಎಲ್ಲರೂ ಗೇಲಾಂಗಿಗೆ ನಡೆಯಿರಿ. ಈಗ ಡುರಿಯನ್ ಕಾಲ."

"ಮನೆಯಲ್ಲಿ ಅಡುಗೆಯಾಗಿರುತ್ತೆ, ಅಂಕಲ್," ಎಂದೆ.

"ಇದು ಊಟವಲ್ಲ, ಹಣ್ಣು," ಎಂದರು ಚೆಗು. ನನ್ನ ನೆಪಗಳು ಅಲ್ಲಿಗೆ ಮುಗಿದವು.

ರಸ್ತೆ ಬದಿಯ ಅಂಗಡಿ, ಪ್ಲಾಸ್ಟಿಕ್ ಕುರ್ಚಿ, ಕೈಗೆ ಪ್ಲಾಸ್ಟಿಕ್ ಗವಸು. ಮಲಯ್ ಭಾಷೆಯಲ್ಲಿ 'ದುರಿ' ಎಂದರೆ ಮುಳ್ಳು. ಹಣ್ಣಿನ ಹೆಸರು ಬಂದದ್ದು ಅದರಿಂದಲೇ. ಅಂಗಡಿಯವನು ಕತ್ತಿಯಿಂದ ಸೀಳಿದಾಗ ಒಳಗೆ ಕಂಡದ್ದು ನಮ್ಮ ಅಂಬಲಿ ಹಲಸಿನ ತೊಳೆಗೆ ದೂರದ ನೆಂಟನಂಥ ಹಳದಿ ತಿರುಳು. ಸಸ್ಯಶಾಸ್ತ್ರದ ಪ್ರಕಾರ ಎರಡೂ ಬೇರೆ ಬೇರೆ ಕುಟುಂಬದವು, ನೆಂಟಸ್ತಿಕೆ ನೋಟದ್ದಷ್ಟೆ. ಮೊದಲ ತುತ್ತಿಗೆ ಈರುಳ್ಳಿ ನೆನಪಾಯಿತು, ಎರಡನೆಯದಕ್ಕೆ ಹಾಲಿನ ಕೆನೆ. ಮೂರನೆಯ ತೊಳೆಗೆ ನಾನೇ ಕೈ ಚಾಚಿದೆ. ಪ್ರಾಣ ಹೋಗುವಷ್ಟು ಇಷ್ಟವಾಯಿತೆಂದರೆ ಸುಳ್ಳಾದೀತು. ಆದರೆ ಮುಗಿದ ಮೇಲೆ ಅಂಕಲ್ ಮ್ಯಾಂಗೋಸ್ಟೀನ್ ಸುಲಿದು ಕೊಟ್ಟು, "ಡುರಿಯನ್ ಉಷ್ಣ, ಇದು ತಂಪು, ತಿನ್ನು," ಎಂದಾಗ ನಮ್ಮಜ್ಜಿಯೇ ಎದುರು ಕುಳಿತು ಮಾತಾಡಿದಂತಾಯಿತು.

ಈ ವಾಸನೆಗೆ ಹೆದರಿದವರಲ್ಲಿ ನಾವೇ ಮೊದಲಿಗರಲ್ಲ. ವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ 1854ರಲ್ಲಿ ಸಿಂಗಪುರಕ್ಕೆ ಬಂದರು. ಮಲಕ್ಕಾದಲ್ಲಿ ಈ ಹಣ್ಣಿನ ವಾಸನೆ ತಾಳಲಾರದೆ ಅದನ್ನು ತಿನ್ನದೆಯೇ ಬಿಟ್ಟ ಅವರು, ಬೋರ್ನಿಯೋದಲ್ಲಿ ಮರದಿಂದ ಬಿದ್ದ ಮಾಗಿದ ಹಣ್ಣನ್ನು ಬಯಲಿನಲ್ಲಿ ಕುಳಿತು ತಿಂದು ಅದರ ಭಕ್ತರಾದರು. 1869ರ ತಮ್ಮ ಪುಸ್ತಕದಲ್ಲಿ ಅದನ್ನು ಮನಸಾರೆ ಹೊಗಳಿದರು. ಇಲ್ಲಿನವರೂ ವಾಸನೆಯನ್ನು ಅರಿಯದವರಲ್ಲ. ರೈಲಿನಲ್ಲಿ ಡುರಿಯನ್ ಒಯ್ಯುವಂತಿಲ್ಲ.

ಆ ರಾತ್ರಿ ಮನೆಗೆ ಬರುವಾಗ ನನ್ನನ್ನು ಕಾಡಿದ್ದು ಬೇರೊಂದು ಸಂಗತಿ. 2006ರಲ್ಲಿ ನಾವು ಹೊಸ ಫ್ಲಾಟಿಗೆ ಬಂದ ವಾರವೇ ಪಕ್ಕದ ಮನೆಯ ಚೀನೀ ಅಜ್ಜಿ ಡಬ್ಬಿ ತುಂಬ ಡುರಿಯನ್ ತೊಳೆ ತಂದುಕೊಟ್ಟಿದ್ದರು. ನಗುನಗುತ್ತ ತೆಗೆದುಕೊಂಡು, ಬಾಗಿಲು ಹಾಕಿ, ಅಷ್ಟನ್ನೂ ಕಸದ ಕೊಳವೆಗೆ ಸುರಿದೆ. ಕೊಳವೆ ಗುಟ್ಟು ಕಾಯಲಿಲ್ಲ. ಸಂಜೆಯವರೆಗೂ ಕಾರಿಡಾರಿನಲ್ಲಿ ಅದೇ ವಾಸನೆ. ಮರುದಿನ ಡಬ್ಬಿ ಹಿಂದಿರುಗಿಸಿದಾಗ ಅಜ್ಜಿ ಏನೂ ಅನ್ನಲಿಲ್ಲ. ಮತ್ತೆಂದೂ ನಮ್ಮ ಬಾಗಿಲು ತಟ್ಟಲೂ ಇಲ್ಲ. ಕೆಲವು ವರ್ಷಗಳ ನಂತರ ಅವರು ಮನೆ ಬದಲಿಸಿದರು. ಕ್ಷಮೆ ಕೇಳೋಣವೆಂದರೆ ಅವರೀಗ ಎಲ್ಲಿದ್ದಾರೋ!

2011ರ ಆಗಸ್ಟ್ ಎಷ್ಟು ಜನರಿಗೆ ನೆನಪಿದೆ? ಚೀನಾದಿಂದ ಬಂದ ಕುಟುಂಬವೊಂದು ಪಕ್ಕದ ಭಾರತೀಯ ಮನೆಯ ಸಾರಿನ ವಾಸನೆ ಸಹಿಸಲಾಗದೆಂದು ದೂರಿತ್ತೆಂಬ ಹಳೆಯ ಪ್ರಕರಣ ಪತ್ರಿಕೆಯಲ್ಲಿ ಬಂತು. ನೆರೆಯವರು ಮನೆಯಲ್ಲಿಲ್ಲದಾಗ ಮಾತ್ರ ಸಾರು ಮಾಡುವುದೆಂದು ರಾಜಿಯಾಗಿತ್ತಂತೆ. ನಮಗೆಲ್ಲ ರಕ್ತ ಕುದಿಯಿತು. ಆದರೆ ಆಗಸ್ಟ್ 21ರ ಭಾನುವಾರ ಚೀನೀಯರು, ಮಲಯರು ಎನ್ನದೆ ಸಿಂಗಪುರದವರು ಸಾವಿರಾರು ಮನೆಗಳಲ್ಲಿ ಸಾರು ಮಾಡಿ ಹಂಚಿಕೊಂಡರು. ನಮ್ಮ ಒಗ್ಗರಣೆಯ ಪರವಾಗಿ ಅವರು ನಿಂತರು. ಅವರ ಹಣ್ಣಿಗೆ ನಾವು ಮೂಗು ಮುಚ್ಚುವುದು ಯಾವ ನ್ಯಾಯ?

"ನಾವು ಸಸ್ಯಾಹಾರಿಗಳು, ಯಾವುದರಲ್ಲಿ ಏನಿರುತ್ತೋ" ಎನ್ನುವವರ ಮಾತು ಸುಳ್ಳಲ್ಲ. ಇಲ್ಲಿನ ಸಂಬಾಲ್ ಚಟ್ನಿಯಲ್ಲಿ ಸಿಗಡಿ ಇರುವುದೇ ಹೆಚ್ಚು. ಕೇಳಿ ತಿಳಿದು, ಬೇಡದ್ದನ್ನು ಕೈಮುಗಿದು ಬೇಡವೆನ್ನುವ ಹಕ್ಕು ನಮಗಿದೆ. ಅದಕ್ಕೆ ಯಾರೂ ಬೇಸರಪಡುವುದಿಲ್ಲ. ಆದರೆ ಹಣ್ಣಿಗೆ ಯಾವ ಮಡಿ? ನಾತವೆನ್ನುವುದು ವ್ರತವಲ್ಲ, ಅಭ್ಯಾಸ. ಹಲಸಿನ ಹಣ್ಣು ಬಿಡಿಸಿದ ಮನೆಯೊಳಗೆ ಕಾಲಿಡಲಾರದವರೂ ಲೋಕದಲ್ಲಿ ಉಂಟು.

ಅಂದು ಚೆಗು ತೋರಿಸಿದ ಅಂಚೆಚೀಟಿಯೊಂದರ ಮಾತು ಹೇಳಬೇಕು. 1867ಕ್ಕೆ ಮೊದಲು ಸಿಂಗಪುರದಲ್ಲಿ ನಡೆಯುತ್ತಿದ್ದುದು ಭಾರತದ ಚೀಟಿಗಳೇ. ಆ ವರ್ಷ ಅವುಗಳ ಮೇಲೆಯೇ ಕಿರೀಟ ಮತ್ತು ಸೆಂಟಿನ ಬೆಲೆ ಅಚ್ಚೊತ್ತಿ ಇಲ್ಲಿನ ಚೀಟಿಯಾಗಿಸಿದರು. ಕೆಳಗಿನ ಭಾರತದ ಚಿತ್ರ ಅಳಿಯಲಿಲ್ಲ, ಇಲ್ಲಿನ ಬೆಲೆಯೂ ಬಂತು.

ಸಮಿತಿಯವರಲ್ಲಿ ನನ್ನದೊಂದು ಸಲಹೆ. ನಮ್ಮ ಯುಗಾದಿ, ರಾಜ್ಯೋತ್ಸವಗಳಿಗೆ ಇಲ್ಲಿನವರನ್ನು ಕರೆದು ಬಿಸಿಬೇಳೆಬಾತ್ ಬಡಿಸುತ್ತೇವೆ, ಅವರು ಎಲೆಯಲ್ಲಿ ಬಿಟ್ಟರೆ ನೊಂದುಕೊಳ್ಳುತ್ತೇವೆ. ಮುಂದಿನ ಹಣ್ಣಿನ ಕಾಲದಲ್ಲಿ ಒಂದು ಸಂಜೆ ಪ್ರತಿಯೊಂದು ಮನೆಯವರೂ ತಮ್ಮ ನೆರೆಯವರೊಬ್ಬರ ಜೊತೆ ಬಂದು ಅವರ ಹಣ್ಣನ್ನು ಅವರ ಕೈಯಿಂದ ತಿನ್ನೋಣ. ಇಷ್ಟವಾಗದಿದ್ದರೆ ಒಂದು ತೊಳೆಗೆ ನಿಲ್ಲಿಸೋಣ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳೆದುರಿಗೆ "ಛೀ" ಅನ್ನುವುದನ್ನಂತೂ ಇಂದೇ ನಿಲ್ಲಿಸೋಣ.

ಹಣ್ಣಿನ ಖರ್ಚಿಗೆ ಮೊದಲ ವಂತಿಗೆ ನನ್ನದು. ಆ ಅಜ್ಜಿಯ ಡಬ್ಬಿಯ ಸಾಲ ಇನ್ನೂ ತೀರಿಲ್ಲ.

— ಒಬ್ಬ ಸದಸ್ಯ