ಮಣಿಚೌಕಟ್ಟು ಮತ್ತು ಬಾಯಿಲೆಕ್ಕ

ಹಾಸನದ ಬಡಾವಣೆಗಳಲ್ಲಷ್ಟೇ ಅಲ್ಲ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಪೇಟೆಬೀದಿಗಳಲ್ಲಿಯೂ ಇಂದು ಅಬ್ಯಾಕಸ್ ತರಗತಿಗಳ ಫಲಕಗಳು ಕಾಣುತ್ತವೆ. ‘ಮಗುವನ್ನು ಸೇರಿಸಬಹುದೇ ಸಾರ್?’ ಎಂದು ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸುವ ಬದಲು ಇಲ್ಲಿಯೇ ಬರೆಯುತ್ತಿದ್ದೇನೆ. ಲೆಕ್ಕದ ವೇಗಕ್ಕಾಗಿ ಸೇರಿಸುವುದಾದರೆ ಸೇರಿಸಿ. ಬುದ್ಧಿ ಬೆಳೆಯಲೆಂದು ಸೇರಿಸುವುದಾದರೆ ನಿಮ್ಮ ಹಣ ನಿಮ್ಮ ಜೇಬಿನಲ್ಲಿಯೇ ಇರಲಿ.

ಮೊದಲು ಆ ವಿದ್ಯೆಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸೋಣ. ಇದು ಜಪಾನಿನ ಸೊರೊಬಾನ್ ಮಾದರಿ. ಪ್ರತಿ ಕಡ್ಡಿಯಲ್ಲಿ ಅಡ್ಡಪಟ್ಟಿಯ ಮೇಲೆ ಒಂದು ಮಣಿ, ಅದರ ಬೆಲೆ 5. ಕೆಳಗೆ ನಾಲ್ಕು ಮಣಿಗಳು, ಒಂದೊಂದರ ಬೆಲೆ 1. 7ಕ್ಕೆ 8ನ್ನು ಕೂಡಬೇಕಾದರೆ ಮಗು ಎಂಟನ್ನು ಎಣಿಸುವುದಿಲ್ಲ. ಬಿಡಿಸ್ಥಾನದಿಂದ ಎರಡನ್ನು ಕಳೆದು ಹತ್ತರ ಕಡ್ಡಿಯಲ್ಲಿ ಒಂದು ಮಣಿಯನ್ನು ಏರಿಸುತ್ತದೆ. ದೀರ್ಘ ಅಭ್ಯಾಸದ ಬಳಿಕ ಚೌಕಟ್ಟನ್ನು ತೆಗೆದಿಟ್ಟರೂ ಅದು ಕಣ್ಣೊಳಗೆ ನಿಲ್ಲುತ್ತದೆ. ಬೆರಳುಗಳು ಗಾಳಿಯಲ್ಲಿ ಇಲ್ಲದ ಮಣಿಗಳನ್ನು ಸರಿಸುತ್ತವೆ. ಇದು ಕಣ್ಕಟ್ಟಲ್ಲ. ನನ್ನ ಓರಗೆಯ ಕೆಲವರು ಇದನ್ನು ಪರದೇಶದ ಆಟಿಕೆಯೆಂದು ಜರೆಯುವುದು ನನಗೆ ಒಪ್ಪಿಗೆಯಿಲ್ಲ. (ಮಣಿಗಳನ್ನು ಎಣಿಸದೆ ನಮ್ಮಲ್ಲಿ ಯಾರು ಒಂದನೆಯ ತರಗತಿ ದಾಟಿದ್ದಾರೆ?)

ನನ್ನ ತಕರಾರಿರುವುದು ಫಲಕದ ಉಳಿದ ಮಾತುಗಳ ಮೇಲೆ. ಜ್ಞಾಪಕಶಕ್ತಿ ಹೆಚ್ಚುತ್ತದೆ, ಮೆದುಳಿನ ಎರಡೂ ಭಾಗಗಳು ಅರಳುತ್ತವೆ ಎಂಬ ಭರವಸೆಗೆ ಆಧಾರವೇನು? ಗುಜರಾತಿನ ವಡೋದರಾದಲ್ಲಿ ಡೇವಿಡ್ ಬಾರ್ನರ್ ಮತ್ತು ಸಂಗಡಿಗರು 204 ಮಕ್ಕಳನ್ನು ಮೂರು ವರ್ಷ ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಚೀಟಿ ಎತ್ತಿದಂತೆ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮನಸ್ಸಿನ ಅಬ್ಯಾಕಸ್ಸನ್ನೂ ಇನ್ನೊಂದಕ್ಕೆ ಅಷ್ಟೇ ಹೊತ್ತು ಸಾಮಾನ್ಯ ಗಣಿತವನ್ನೂ ಕಲಿಸಲಾಯಿತು. ಅಬ್ಯಾಕಸ್ ಮಕ್ಕಳು ಲೆಕ್ಕದಲ್ಲಿ ಮುಂದಾದರು. ಆದರೆ ಜ್ಞಾಪಕವೇ ಮೊದಲಾದ ಮೂಲಶಕ್ತಿಗಳು ಅದರಿಂದ ಬೆಳೆದದ್ದು ಕಾಣಲಿಲ್ಲ. ಚಿತ್ರವನ್ನು ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿ ಆರಂಭದಲ್ಲಿಯೇ ಹೆಚ್ಚಿದ್ದವರಿಗೆ ಈ ವಿದ್ಯೆ ಹೆಚ್ಚು ಒಲಿಯಿತು. ಅಂದರೆ ಫಲಕವು ಕಾರಣವನ್ನೇ ಫಲವೆಂದು ಮಾರುತ್ತಿದೆ. ಸಾಲದ ಕಂತುಗಳ ನಡುವೆ ಶುಲ್ಕ ಹೊಂದಿಸುವ ತಂದೆಗೆ ಇದನ್ನು ಹೇಳುವವರಿಲ್ಲ. ಮಣಿಗಳು ಕಣ್ಣಿಗೆ ಕಟ್ಟದ ಮಗುವಾದರೋ ತಾನು ದಡ್ಡನೆಂದು ನಂಬಿ ಮನೆಗೆ ಮರಳುತ್ತದೆ.

ಕಳೆದ ಬೇಸಗೆಯಲ್ಲಿ ಬಂಧುಗಳ ಮಗುವೊಂದು ಎರಡಂಕಿಯ ಹತ್ತು ಸಂಖ್ಯೆಗಳನ್ನು ನಾನು ಕನ್ನಡಕ ಸರಿಪಡಿಸಿಕೊಳ್ಳುವಷ್ಟರಲ್ಲಿ ಕೂಡಿತು. ಸಂತೋಷವಾಯಿತು. ‘ಆಲೂಗಡ್ಡೆ ಕಿಲೋಗೆ ಇಪ್ಪತ್ತೇಳೂವರೆ ರೂಪಾಯಿ, ಹದಿನೆಂಟು ಕಿಲೋಗೆಷ್ಟು?’ ಎಂದೆ. ‘ಕೂಡಬೇಕೋ, ಗುಣಿಸಬೇಕೋ ತಾತ?’ ಎಂದಿತು. ಬಾಯಿಲೆಕ್ಕ ಬಲ್ಲವನಿಗೆ ಆ ಸಂಶಯವೇ ಹುಟ್ಟದು: ಹದಿನೆಂಟು ಇಪ್ಪತ್ತೇಳಲಿ 486, ಹದಿನೆಂಟರ ಅರೆ 9, ಒಟ್ಟು 495. ರೂಪಾಯಿಗೆ 16 ಆಣೆಗಳಿದ್ದ ಕಾಲದಲ್ಲಿ ಕಾಲು, ಅರೆ, ಮುಕ್ಕಾಲು, ಒಂದೂಕಾಲರ ಮಗ್ಗಿಗಳು ಇದಕ್ಕಾಗಿಯೇ ಇದ್ದವು. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದಮೇಲೆ ಅವುಗಳ ಅಗತ್ಯ ಕುಗ್ಗಿದ್ದು ಸಹಜ. ಆದರೆ ಬಾಯಿಲೆಕ್ಕದ ವೇಳೆಯೂ ಶಾಲೆಗಳಿಂದ ಜಾರಿಹೋಗಬೇಕಿರಲಿಲ್ಲ. ಶಾಲೆ ಬಿಟ್ಟ ಆ ಜಾಗವೇ ಇಂದು ಬಾಡಿಗೆಗೆ ಹೋಗಿದೆ.

ಸಂತೆಯ ಲೆಕ್ಕವೊಂದೇ ಸಾಕೆಂದು ನಾನು ವಾದಿಸುತ್ತಿಲ್ಲ. ಕೊಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ಕುರಿತು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತಿತರರ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ವ್ಯಾಪಾರದಲ್ಲಿ ಚುರುಕಾದ ಆ ಮಕ್ಕಳು ಶಾಲೆಯ ರೀತಿಯ ಲೆಕ್ಕದಲ್ಲಿ ತಡವರಿಸಿದರು. ಶಾಲೆಯ ಮಕ್ಕಳು ವ್ಯಾಪಾರದಲ್ಲಿ ತಡವರಿಸಿದರು. ಈ ಎರಡನ್ನೂ ಬೆಸೆಯಬೇಕಾದವನು ಮೇಷ್ಟರು. ಕಣ್ಣೊಳಗಿನ ಮಣಿಗಳು ಎಷ್ಟೇ ವೇಗವಾಗಿ ಓಡಿದರೂ ಆ ಕೆಲಸವನ್ನು ಮಾಡವು.

ನಿಮ್ಮಲ್ಲಿ ಕೆಲವರು ಸರ್ಕಾರಿ ಶಾಲೆಗಳ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿದ್ದೀರಿ. ಬೆಳಗಿನ ಪ್ರಾರ್ಥನೆಯ ನಂತರ ಬಾಯಿಲೆಕ್ಕಕ್ಕೆ ಹತ್ತು ನಿಮಿಷ ಬೇಕೆಂದು ಹಟಹಿಡಿಯಿರಿ. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿಯ ಲೆಕ್ಕವಾಗಲಿ, ಅರಕಲಗೂಡಿನಲ್ಲಿ 60 ಕಿಲೋ ಶುಂಠಿ ಮೂಟೆಯದಾಗಲಿ, ಹೊಳೆನರಸೀಪುರದಲ್ಲಿ ಗದ್ದೆಯ ಗುಂಟೆಗಳದಾಗಲಿ. ಮಣಿಚೌಕಟ್ಟೂ ಬೇಕೆಂದರೆ ಆ ಹತ್ತು ನಿಮಿಷದಲ್ಲಿಯೇ ಹೊರತೆಗೆಯಲಿ. ಶಾಲೆಯ ಬೀರುವಿನಲ್ಲಿ ಧೂಳು ಹಿಡಿದದ್ದು ಒಂದಾದರೂ ಇದ್ದೀತು.